ಹಗ್ಗ ಬಿಚ್ಚಿದರೂ ಕರೆದರೆ ಬರುವ ನಾಯಿ: ಕರಾವಳಿಯವರು ಯಾವ ತಳಿ ತರಬೇಕು?

"ಬೀಚಿಗೆ, ಗುಡ್ಡೆಗೆ, ಚಾರಣಕ್ಕೆ ಜೊತೆಗೆ ಕರೆದುಕೊಂಡು ಹೋಗಬೇಕು. ಹಗ್ಗ ಬಿಚ್ಚಿದರೆ ಓಡಿ ಹೋಗಬಾರದು. ಯಾವ ನಾಯಿ ತರಲಿ?" ಮಂಗಳೂರು, ಉಡುಪಿ, ಮಣಿಪಾಲದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೆಲವರು ತಳಿಯನ್ನೂ ಆಗಲೇ ತೀರ್ಮಾನ ಮಾಡಿರುತ್ತಾರೆ. ಫೋಟೋ ನೋಡಿ ಹಸ್ಕಿ ಮೇಲೆ ಮನಸ್ಸಾಗಿರುತ್ತದೆ. ನಮ್ಮಿಂದ ಒಂದು "ಹೂಂ" ಸಿಕ್ಕಿದರೆ ಸಾಕು, ಅಷ್ಟೇ.

ನೇರವಾಗಿ ಹೇಳಿಬಿಡುತ್ತೇನೆ. ಕರೆದಾಗ ಬಂದೇ ಬರುವ ತಳಿ ಅಂತ ಒಂದಿಲ್ಲ. ಕೆಲವಕ್ಕೆ ಅದನ್ನು ಕಲಿಸುವುದು ಸುಲಭ, ಕೆಲವಕ್ಕೆ ಕಷ್ಟ, ಇನ್ನು ಕೆಲವಕ್ಕೆ ಎಷ್ಟು ಕಲಿಸಿದರೂ ನಂಬಿಕೆ ಇಡುವಂತಿಲ್ಲ. ಈ ವ್ಯತ್ಯಾಸ ನಾಯಿಯ ಚೆಂದದಲ್ಲೂ ಇಲ್ಲ, ಬೆಲೆಯಲ್ಲೂ ಇಲ್ಲ. ಆ ತಳಿಯನ್ನು ಹಿಂದೆ ಯಾವ ಕೆಲಸಕ್ಕೆ ಬೆಳೆಸಿದ್ದರು, ಆ ಕೆಲಸದಲ್ಲಿ ಅದು ಮನುಷ್ಯನ ಮುಖ ನೋಡಬೇಕಿತ್ತೋ ಇಲ್ಲವೋ, ಅದರಲ್ಲಿ ಇದೆ.

ಈ ಲೇಖನದಲ್ಲಿ 'ಕರೆ' ಎಂದರೆ ಇಷ್ಟು: ನೀವು ಕರೆದ ಕೂಡಲೇ ನಾಯಿ ಮಾಡುತ್ತಿದ್ದದ್ದನ್ನು ಅಲ್ಲಿಗೇ ಬಿಟ್ಟು ನಿಮ್ಮ ಕಾಲ ಬುಡಕ್ಕೆ ಬರುವುದು. ತರಬೇತಿ ಕೊಡುವವರು ಇದನ್ನು ರೀಕಾಲ್ ಅನ್ನುತ್ತಾರೆ.

ಮೊದಲು ಇವು ಇವೆಯಾ ನೋಡಿ

ದಿನಕ್ಕೆ ಕನಿಷ್ಠ ಒಂದು ಗಂಟೆ ನಾಯಿಗಾಗಿಯೇ ಇಡಬೇಕು. ಭಾನುವಾರ ಮಾತ್ರ ಬೀಚಿಗೆ ಬಿಡುತ್ತೇನೆ ಅಂದರೆ ಆಗುವುದಿಲ್ಲ. ಬೇಲಿ ಅಥವಾ ಪಾಗಾರ ಇರುವ ಒಂದು ಜಾಗ ಬೇಕು. ಮನೆಯ ಅಂಗಳ, ನೆಂಟರ ತೋಟ, ಸಂಜೆ ಖಾಲಿ ಇರುವ ಶಾಲೆಯ ಮೈದಾನ, ಯಾವುದಾದರೂ ಆದೀತು. ಮೈದಾನಕ್ಕೆ ಮಾತ್ರ ಶಾಲೆಯವರನ್ನು ಕೇಳಿಯೇ ಹೋಗಿ.

ಸಾಮಾನು ಜಾಸ್ತಿ ಇಲ್ಲ. ಎದೆಗೆ ಕಟ್ಟುವ ಪಟ್ಟಿ ಒಂದು, ಅದನ್ನು ಅಂಗಡಿಯಲ್ಲಿ ಹಾರ್ನೆಸ್ ಅಂತ ಕೇಳಿ. ಹತ್ತರಿಂದ ಹದಿನೈದು ಮೀಟರ್ ಉದ್ದದ ಹಗ್ಗ ಒಂದು. ಸೀಟಿ ಒಂದು. ಕುತ್ತಿಗೆಯ ಬೆಲ್ಟಿಗೆ ನಿಮ್ಮ ಫೋನ್ ನಂಬರ್ ಕೊರೆದ ಬಿಲ್ಲೆ ಒಂದು. ಉದ್ದ ಹಗ್ಗವನ್ನು ಯಾವತ್ತೂ ಕುತ್ತಿಗೆಯ ಬೆಲ್ಟಿಗೆ ಕಟ್ಟಬೇಡಿ. ನಾಯಿ ಜೋರಾಗಿ ಓಡಿ ಹಗ್ಗದ ತುದಿ ಮುಟ್ಟಿದಾಗ ಕುತ್ತಿಗೆಗೆ ಪೆಟ್ಟಾಗುತ್ತದೆ.

1. ನೀವು ನಿಜವಾಗಿ ಹೋಗುವುದು ಎಲ್ಲಿಗೆ?

ತಳಿಯ ಮಾತು ಆಮೇಲೆ, ಜಾಗದ ಮಾತು ಮೊದಲು. ನಾಯಿಯ ಜೊತೆ ಕುದುರೆಮುಖ ಹತ್ತಬೇಕು, ಕುಮಾರಪರ್ವತ ಹತ್ತಬೇಕು ಅಂತ ಕನಸು ಕಾಣುವವರು ತುಂಬಾ ಜನ. ಆ ಕನಸು ಇಲ್ಲಿಗೇ ಬಿಡಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಕುಮಾರಪರ್ವತ ಪುಷ್ಪಗಿರಿ ವನ್ಯಜೀವಿಧಾಮದ ಒಳಗಿದೆ. ಸೋಮೇಶ್ವರ, ಮೂಕಾಂಬಿಕಾ ಅಭಯಾರಣ್ಯಗಳೂ ಹೀಗೇ. ಇಂಥ ಕಾಡಿಗೆ ಸಾಕು ನಾಯಿಯನ್ನು ಕರೆದುಕೊಂಡು ಹೋಗುವಂತಿಲ್ಲ. ಹಗ್ಗದಲ್ಲಿದ್ದರೂ ಇಲ್ಲ. ನಿಯಮಕ್ಕೆ ಕಾರಣವೂ ಇದೆ. ನಾಯಿಯಿಂದ ಕಾಡುಪ್ರಾಣಿಗಳಿಗೆ ರೋಗ ದಾಟುತ್ತದೆ, ಅಲ್ಲಿಂದ ಉಣ್ಣಿ ಮನೆಗೆ ಬರುತ್ತದೆ. ಮಂಗನ ಕಾಯಿಲೆಯನ್ನು ಹಬ್ಬಿಸುವುದೂ ಕಾಡಿನ ಉಣ್ಣಿಯೇ. ಆ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಘಟ್ಟದ ಮೇಲೆ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ.

ಹಾಗಾದರೆ ಉಳಿಯುವುದು ಏನು? ತುಂಬಾ ಇದೆ. ಜನ ಕಡಿಮೆ ಇರುವ ಹೊತ್ತಿನ ಕಡಲ ತೀರ, ಕೊಯ್ಲು ಮುಗಿದ ಗದ್ದೆ, ಊರಿನ ಗುಡ್ಡೆ, ಪದವು (ಕೆಂಪು ಕಲ್ಲಿನ ಬಯಲು), ನಿಮ್ಮದೇ ತೋಟ, ಹೊಳೆ ಬದಿ. ಪಣಂಬೂರು, ಮಲ್ಪೆಯಂಥ ಗದ್ದಲದ ಬೀಚುಗಳು ಸಂಜೆ ಹೊತ್ತು ಬೇಡವೇ ಬೇಡ. ಪಡುಬಿದ್ರಿಯ ಬೀಚಿಗೆ 2020ರಲ್ಲಿ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ನಾಯಿಗಳ ಮೇಲೆ ಬಿಗಿ ಹಿಡಿತ ಇರಬೇಕು ಎನ್ನುವುದು ಆ ಮಾನ್ಯತೆಯ ಷರತ್ತುಗಳಲ್ಲೇ ಒಂದು. ಚಳಿಗಾಲದಲ್ಲಿ ಮರವಂತೆ, ಸಸಿಹಿತ್ಲು ಕಡೆ ಕಡಲಾಮೆಗಳು ಮೊಟ್ಟೆ ಇಡಲು ಬರುವುದುಂಟು. ನಾಯಿ ಮರಳು ಕೆದಕಿದರೆ ಗೂಡೇ ಹೋಯಿತು. ಆ ತಿಂಗಳುಗಳಲ್ಲಿ ಅಂಥ ಕಡೆ ಹಗ್ಗ ಬಿಚ್ಚಬೇಡಿ.

ಇದನ್ನೆಲ್ಲ ಮೊದಲೇ ಹೇಳಲು ಕಾರಣ ಇದೆ. ನಿಮಗೆ ಬೇಕಾಗಿರುವುದು ಹಿಮದಲ್ಲಿ ದಿನಗಟ್ಟಲೆ ನಡೆಯುವ ನಾಯಿ ಅಲ್ಲ. ಬೆಳಗ್ಗೆ ಒಂದೆರಡು ಗಂಟೆ ಸೆಕೆಯಲ್ಲಿ ಓಡಾಡಿ, ನೀರಿಗಿಳಿದು, ಜನ, ದನ, ಬೀದಿ ನಾಯಿಗಳ ನಡುವೆ ಬುದ್ಧಿ ಕೆಡಿಸಿಕೊಳ್ಳದೆ ಇರುವ ನಾಯಿ.

2. ನಮ್ಮ ಸೆಕೆಗೆ ಆಗದವನ್ನು ಮೊದಲೇ ಕೈಬಿಡಿ

ನಾಯಿ ನಮ್ಮ ಹಾಗೆ ಮೈಯಿಡೀ ಬೆವರುವುದಿಲ್ಲ. ಏದುಸಿರು ಬಿಟ್ಟು, ನಾಲಿಗೆಯ ತೇವ ಆರಿಸಿ ಮೈ ತಂಪು ಮಾಡಿಕೊಳ್ಳುತ್ತದೆ. ಗಾಳಿಯಲ್ಲೇ ನೀರಿನ ಪಸೆ ತುಂಬಿದ್ದರೆ ಈ ತೇವ ಬೇಗ ಆರುವುದಿಲ್ಲ. ಕಲಬುರಗಿಯ 40 ಡಿಗ್ರಿಯ ಒಣ ಬಿಸಿಲು ಎಷ್ಟು ಅಪಾಯವೋ, ಮಂಗಳೂರಿನ 33 ಡಿಗ್ರಿಯ ಸೆಕೆಯೂ ಓಡುವ ನಾಯಿಗೆ ಅಷ್ಟೇ ಅಪಾಯ ಆಗಬಹುದು. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 41 ದಾಟಿದರೆ ಜೀವಕ್ಕೇ ಕುತ್ತು.

ಆದ್ದರಿಂದ ಚಪ್ಪಟೆ ಮೂತಿಯ ಪಗ್, ಬುಲ್‌ಡಾಗ್, ಶಿ ತ್ಸು ಈ ಪಟ್ಟಿಯಲ್ಲಿ ಇಲ್ಲ. ಅವಕ್ಕೆ ಸುಮ್ನೆ ಕೂತಾಗಲೇ ಉಸಿರಾಟ ಕಷ್ಟ. ಸೇಂಟ್ ಬರ್ನಾರ್ಡ್, ಮಲಮ್ಯೂಟ್, ಹಸ್ಕಿ ಸಹ ಇಲ್ಲ. "ಎಸಿ ರೂಮಲ್ಲಿ ಇಡುತ್ತೇವೆ" ಅನ್ನುವವರಿಗೆ ಒಂದೇ ಪ್ರಶ್ನೆ. ಎಸಿ ರೂಮಿನಲ್ಲಿ ಇಡುವುದಾದರೆ ಗುಡ್ಡೆಗೆ ಕರೆದುಕೊಂಡು ಹೋಗುವುದು ಯಾವ ನಾಯಿಯನ್ನು, ಮಾರಾಯ್ರೆ?

ಇನ್ನೊಂದು ವಿಷಯ ಮಳೆ. ಉಡುಪಿಗೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಉದ್ದ ಕೂದಲಿನ ನಾಯಿಯ ಮೈ ಆ ನಾಲ್ಕು ತಿಂಗಳು ಸರಿಯಾಗಿ ಒಣಗುವುದೇ ಇಲ್ಲ. ಕೂದಲ ಬುಡದಲ್ಲಿ ಬೂಸಲು, ತುರಿಕೆ, ವಾಸನೆ. ಗೋಲ್ಡನ್ ರಿಟ್ರೀವರ್, ಕಾಕರ್ ಸ್ಪ್ಯಾನಿಯಲ್ ಸಾಕಿದವರ ಮಳೆಗಾಲದ ಕೆಲಸವೇ ಟವೆಲ್ ಹಿಡಿದು ಕೂರುವುದು.

3. ಆ ತಳಿಯ ಹಳೆಯ ಕೆಲಸ ಏನಿತ್ತು?

ಇದು ಮುಖ್ಯ ಹಂತ, ಅವಸರ ಮಾಡಬೇಡಿ. ಯಾವುದೇ ತಳಿಯ ಬಗ್ಗೆ ಒಂದೇ ಪ್ರಶ್ನೆ ಕೇಳಿ: ಇದರ ಕೆಲಸ ನಡೆಯುತ್ತಿದ್ದದ್ದು ಮನುಷ್ಯನ ಮಾತು ಕೇಳಿಯೋ, ಅಥವಾ ಮನುಷ್ಯನಿಂದ ದೂರ, ತನ್ನದೇ ತೀರ್ಮಾನದಲ್ಲೋ?

ತಂದುಕೊಡುವ ನಾಯಿಗಳು. ಲ್ಯಾಬ್ರಡಾರ್ ಈ ಗುಂಪಿನದು. ಅದರ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರ ನಾಯಿಗಳು. ಗಾಳದಿಂದ ಜಾರಿದ ಮೀನು ಹಿಡಿಯುವುದು, ಬಲೆಯ ಹಗ್ಗ ದಡಕ್ಕೆ ಎಳೆದು ತರುವುದು ಅವುಗಳ ಕೆಲಸ. ಆಮೇಲೆ ಇಂಗ್ಲೆಂಡಿನಲ್ಲಿ ಬೇಟೆಗಾರರು ಹೊಡೆದ ಹಕ್ಕಿಯನ್ನು ಗಾಯ ಮಾಡದೆ ತಂದುಕೊಡಲು ಬೆಳೆಸಿದರು. ತಂದು ಕೈಗೆ ಕೊಟ್ಟರೇ ಕೆಲಸ ಮುಗಿಯುವುದು. ಹಾಗಾಗಿ ವಾಪಸ್ ಬರುವುದು ಅದರ ರಕ್ತದಲ್ಲೇ ಇದೆ. ಜೊತೆಗೆ ತಿನ್ನುವ ಆಸೆ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಹಸಿವು ಹೆಚ್ಚಿಸುವ ಒಂದು ಜೀನ್ ದೋಷ ಇದೆ ಎಂದು ಕೇಂಬ್ರಿಜ್‌ನ ಸಂಶೋಧಕರು 2016ರಲ್ಲಿ ತೋರಿಸಿದರು. ಕರೆ ಕಲಿಸುವವರಿಗೆ ಇದು ಲಾಭ, ಒಂದು ತುಂಡು ಕೋಳಿಗೆ ಅದು ಗುಡ್ಡೆ ಇಳಿದು ಬರುತ್ತದೆ. ಸೊಂಟಕ್ಕೆ ಮಾತ್ರ ನಷ್ಟ. ನಮ್ಮಲ್ಲಿ ಕಾಣುವ ಲ್ಯಾಬ್‌ಗಳಲ್ಲಿ ಹೆಚ್ಚಿನವು ದಪ್ಪ, ಅಲ್ವಾ? ಹೊರಗೆ ಓಡಾಡುವ ಲ್ಯಾಬ್‌ನ ಪಕ್ಕೆಲುಬು ಕೈಗೆ ಸಿಗಬೇಕು. ನೀರಾಟ ಆದ ಮೇಲೆ ಕಿವಿ ಒರೆಸಲೇಬೇಕು, ಜೋತು ಕಿವಿಯೊಳಗೆ ಪಸೆ ಉಳಿದರೆ ಕಿವಿ ಸೋರುತ್ತದೆ.

ಕುರಿ ಕಾಯುವ ನಾಯಿಗಳು. ಬಾರ್ಡರ್ ಕೋಲಿ, ಜರ್ಮನ್ ಶೆಪರ್ಡ್, ಬೆಲ್ಜಿಯನ್ ಮ್ಯಾಲಿನ್ವಾ. ಕುರುಬನ ಸೀಟಿಗೆ, ಕೈಸನ್ನೆಗೆ ತಿರುಗುವುದೇ ಇವುಗಳ ಹಿಂದಿನ ಬದುಕು. ಕಾಗದದ ಮೇಲೆ ನೋಡಿದರೆ ಹಗ್ಗ ಇಲ್ಲದ ತಿರುಗಾಟಕ್ಕೆ ಇವೇ ಅತ್ಯುತ್ತಮ. ಊರಿನಲ್ಲಿ ನೋಡಿದರೆ ಕಥೆ ಬೇರೆ. ಬಾರ್ಡರ್ ಕೋಲಿಗೆ ದಿನವಿಡೀ ತಲೆಗೆ ಕೆಲಸ ಬೇಕು. ಕೊಡದಿದ್ದರೆ ಬೈಕು, ಸೈಕಲ್, ಓಡುವ ಮಕ್ಕಳು, ಎಲ್ಲವನ್ನೂ ಕುರಿ ಮಾಡಿಕೊಂಡು ಅಟ್ಟಲು ಶುರು ಮಾಡುತ್ತದೆ. ಕೋಲಿ ಜಾತಿಯ ನಾಯಿ ತಂದರೆ ಪಶುವೈದ್ಯರಿಗೆ ತಳಿ ಯಾವುದೆಂದು ಸರಿಯಾಗಿ ಹೇಳಿ. ಇವುಗಳಲ್ಲಿ ಕೆಲವಕ್ಕೆ ಐವರ್‌ಮೆಕ್ಟಿನ್ ಎಂಬ ಹುಳದ ಮದ್ದು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ವಿಷವಾಗುತ್ತದೆ. ಮ್ಯಾಲಿನ್ವಾ ಪೊಲೀಸ್ ಮತ್ತು ಸೇನೆಯವರ ಕೆಲಸದ ನಾಯಿ, ಮೊದಲ ಸಲ ನಾಯಿ ಸಾಕುವವರಿಗೆ ಹೇಳಿದ್ದಲ್ಲ. ಜರ್ಮನ್ ಶೆಪರ್ಡ್ ಇವೆರಡಕ್ಕಿಂತ ವಾಸಿ, ಮಾತು ಕೇಳುತ್ತದೆ, ಮನೆಯವರನ್ನು ಬಿಟ್ಟು ದೂರ ಹೋಗುವುದಿಲ್ಲ. ಆದರೆ ಉಣ್ಣಿ ಜ್ವರ ಈ ತಳಿಗೆ ಬಂದರೆ ಉಳಿದ ನಾಯಿಗಳಿಗಿಂತ ಜೋರಾಗಿ ಬಾಧಿಸುತ್ತದೆ, ಸೊಂಟದ ಕೀಲಿನ ದೋಷವೂ ಸಾಮಾನ್ಯ.

ಮೂಗಿನ ನಾಯಿಗಳು. ಬೀಗಲ್. ಮುಖ ನೋಡಿದರೆ ಯಾರಿಗಾದರೂ ಪ್ರೀತಿ ಬರುತ್ತದೆ. ಆದರೆ ಅದನ್ನು ಬೆಳೆಸಿದ್ದು ಮೊಲದ ವಾಸನೆ ಹಿಡಿದು ಗುಂಪಾಗಿ ಓಡಲು, ಬೇಟೆಗಾರರು ಹಿಂದಿನಿಂದ ಓಡಿ ಬರಬೇಕಿತ್ತು. ಮೂಗು ನೆಲಕ್ಕೆ ಹೋದ ಮೇಲೆ ಅದಕ್ಕೆ ಕಿವಿ ಇಲ್ಲ. ತೋಟದಲ್ಲಿ ಮುಂಗುಸಿ ದಾಟಿ ಹೋದ ದಾರಿ ಸಿಕ್ಕಿದರೆ ಸಾಕು, ಬೀಗಲ್ ಪಕ್ಕದ ಗ್ರಾಮದಲ್ಲಿ ಸಿಗುತ್ತದೆ.

ಕಣ್ಣಿನ ನಾಯಿಗಳು. ನಮ್ಮದೇ ಮುಧೋಳ, ತಮಿಳುನಾಡಿನ ಚಿಪ್ಪಿಪಾರೈ. ಮುಧೋಳದ ಬಗ್ಗೆ ನನಗೆ ವಿಶೇಷ ಅಭಿಮಾನ ಇದೆ, ಯಾರಿಗಿಲ್ಲ? ಘೋರ್ಪಡೆ ಅರಸರು ಬೆಳೆಸಿದ ತಳಿ. 2005ರಲ್ಲಿ ಅಂಚೆ ಚೀಟಿಯಲ್ಲೂ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಬಿಸಿಲು ತಡೆಯುತ್ತದೆ, ಗಿಡ್ಡ ಕೂದಲು, ಕಾಯಿಲೆ ಕಡಿಮೆ. ಇಷ್ಟೆಲ್ಲ ಇದ್ದರೂ ಬೇಲಿ ಇಲ್ಲದ ಕಡೆ ಹಗ್ಗ ಬಿಚ್ಚಲು ನಾನು ಹೇಳುವುದಿಲ್ಲ. ದೂರದಲ್ಲಿ ಓಡುವುದನ್ನು ಕಂಡರೆ ಕಾಲು ಕೀಳುವುದೇ ಅದರ ಕೆಲಸ. ನೀವು ಬಾಯಿ ತೆರೆದು ಹೆಸರು ಹೇಳುವಷ್ಟರಲ್ಲಿ ಅದು ಗದ್ದೆಯ ಆಚೆ ದಡದಲ್ಲಿರುತ್ತದೆ. ನಮ್ಮ ಕಡೆ ಗದ್ದೆ ಅಂದರೆ ನವಿಲು. ನವಿಲು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯ ಹಕ್ಕಿ. ನಿಮ್ಮ ನಾಯಿ ಅದನ್ನು ಕೊಂದರೆ "ಅದು ನಾಯಿ, ಅದಕ್ಕೇನು ಗೊತ್ತು" ಅಂತ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಎತ್ತರದ ಪಾಗಾರದ ಒಳಗೆ ಒಂದೆರಡು ಎಕರೆ ಇದ್ದವರು ಧಾರಾಳವಾಗಿ ಮುಧೋಳ ಸಾಕಿ.

ಎಳೆಯುವ ನಾಯಿ, ಕಾಯುವ ನಾಯಿ. ಹಸ್ಕಿಯನ್ನು ಸೆಕೆಗಾಗಿ ಆಗಲೇ ಬಿಟ್ಟಾಗಿದೆ. ಮತ್ತೊಂದು ಕಾರಣವೂ ಇದೆ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆದುಕೊಂಡು ಮುಂದೆ ಮುಂದೆ ಓಡುವುದಷ್ಟೇ ಅದಕ್ಕೆ ಗೊತ್ತು, ತಿರುಗಿ ಬರುವುದು ಅದರ ಕೆಲಸದಲ್ಲಿ ಇರಲೇ ಇಲ್ಲ. ಡಾಬರ್‌ಮನ್ ಮಾಲೀಕನ ಕಾಲಿಗೆ ಅಂಟಿಕೊಂಡೇ ಇರುತ್ತದೆ, ಗಿಡ್ಡ ಕೂದಲು, ಓಟದಲ್ಲಿ ಚುರುಕು. ಕರೆ ಚೆನ್ನಾಗಿ ಕಲಿಯುತ್ತದೆ. ರಾಟ್‌ವೀಲರ್ ಭಾರದ ಮೈ, ಸೆಕೆಗೆ ಬೇಗ ಸುಸ್ತು. ಎರಡಕ್ಕೂ ಇರುವ ದೊಡ್ಡ ತೊಂದರೆ ಜನರ ಹೆದರಿಕೆ. ನಿಮ್ಮ ನಾಯಿ ಪಾಪದ್ದು ಅಂತ ನಿಮಗೆ ಗೊತ್ತು, ಎದುರಿಗೆ ಬರುವ ಅಜ್ಜಿಗೆ ಗೊತ್ತಿಲ್ಲ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅದು ಯಾವ ತಳಿಗೂ ಅನ್ವಯ, ಲ್ಯಾಬ್‌ಗೂ ಸಹ.

ಊರ ನಾಯಿ. ಕೇಳುವವರು ಕಡಿಮೆ, ಆದರೂ ನಾನು ಮೊದಲು ಹೇಳುವುದು ಇದನ್ನೇ. ಈ ಸೆಕೆ, ಈ ಮಳೆ, ಈ ನೆಲಕ್ಕೆ ಹುಟ್ಟಿದ ಮೈ. ಹದ ಗಾತ್ರ, ಗಿಡ್ಡ ಕೂದಲು, ಗಟ್ಟಿ ಪಾದ. ಸೊಂಟದ ತೊಂದರೆ, ಚರ್ಮದ ತೊಂದರೆ ಜಾತಿ ನಾಯಿಗಳಿಗಿಂತ ಕಡಿಮೆ. ಅಪಾಯ ಕಂಡರೆ ಹಿಂದೆ ಸರಿಯುವ ಬುದ್ಧಿ ಇದೆ. ಹಾವು ಕಂಡಾಗ ಮೂಗು ಹಾಕಲು ಹೋಗುವ ಲ್ಯಾಬ್ ಮತ್ತು ದೂರ ನಿಂತು ಬೊಗಳುವ ಊರ ನಾಯಿ, ಎರಡನ್ನೂ ತೋಟದಲ್ಲಿ ನೋಡಿದವರಿಗೆ ಇದು ಗೊತ್ತು. ಕೊರತೆಯೂ ಇದೆ. ಊರ ನಾಯಿ ಸುಮ್ನೆ ನಿಮ್ಮನ್ನು ಮೆಚ್ಚಿಸಲು ಕೆಲಸ ಮಾಡುವುದಿಲ್ಲ. "ಬಂದರೆ ನನಗೆ ಎಂತ ಸಿಗುತ್ತದೆ?" ಅಂತ ಲೆಕ್ಕ ಹಾಕುತ್ತದೆ. ತನ್ನ ಜಾಗ ಅಂತ ತಿಳಿದ ಕಡೆ ಬೇರೆ ನಾಯಿಗಳ ಜೊತೆ ಜಗಳಕ್ಕೆ ನಿಲ್ಲುತ್ತದೆ. ಲ್ಯಾಬ್‌ಗೆ ಮೂರು ತಿಂಗಳು ಹಿಡಿಯುವ ಪಾಠಕ್ಕೆ ಇದಕ್ಕೆ ಆರು ತಿಂಗಳು ಕೊಡಿ.

ಒಟ್ಟಿನಲ್ಲಿ ನನ್ನ ಅಭಿಪ್ರಾಯ ಇದು. ಮೊದಲ ಸಲ ಸಾಕುವವರು, ಮನೆಯಲ್ಲಿ ಮಕ್ಕಳಿದ್ದಾರೆ, ನೀರು ಇಷ್ಟ ಅಂದರೆ ತೆಳ್ಳಗಿನ ಮೈಕಟ್ಟಿನ ಲ್ಯಾಬ್. ತಾಳ್ಮೆ ಇದೆ, ತೋಟ-ಗುಡ್ಡೆ ಸುತ್ತುವುದೇ ಹೆಚ್ಚು ಅಂದರೆ ಊರ ನಾಯಿ. ದಿನಾ ತರಬೇತಿಗೆ ಕೂರುವ ಹುಚ್ಚು ಇದ್ದರೆ ಜರ್ಮನ್ ಶೆಪರ್ಡ್ ಅಥವಾ ಡಾಬರ್‌ಮನ್. ಉಳಿದದ್ದಕ್ಕೆ ಹಗ್ಗ ಇರಲಿ. ಹಗ್ಗದಲ್ಲೇ ಬೀಚು ಸುತ್ತುವ ಬೀಗಲ್ ಏನೂ ದುಃಖದಲ್ಲಿ ಇರುವುದಿಲ್ಲ.

4. ಮರಿ ನೋಡಲು ಹೋದಾಗ

ತಳಿಯ ಹೆಸರು ಅರ್ಧ ಮಾತ್ರ ಹೇಳುತ್ತದೆ, ಉಳಿದರ್ಧ ಆ ಮರಿಯ ತಾಯಿಯಲ್ಲಿ ಇರುತ್ತದೆ. ತಾಯಿ ನಾಯಿಯನ್ನು ನೋಡದೆ ಮರಿ ತರಬೇಡಿ. ಅಪರಿಚಿತರು ಬಂದಾಗ ಅದು ಮೂಲೆ ಸೇರುತ್ತದಾ, ಹಲ್ಲು ಕಿರಿಯುತ್ತದಾ, ಬಾಲ ಆಡಿಸಿ ಬರುತ್ತದಾ? "ತಾಯಿ ಬೇರೆ ಊರಲ್ಲಿದೆ, ಬಸ್ಸಿಗೆ ಹಾಕಿ ಕಳಿಸುತ್ತೇವೆ" ಅಂದರೆ ಅಲ್ಲಿಗೇ ಬಿಡಿ.

2017ರ ನಿಯಮಗಳ ಪ್ರಕಾರ ಮರಿ ಮಾಡಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಕೆನಲ್ ಕ್ಲಬ್ ಕಾಗದ ಇದೆ ಅಂತ ಖುಷಿಪಡುವವರಿಗೆ ಒಂದು ಮಾತು. ಆ ಕಾಗದ ವಂಶ ಹೇಳುತ್ತದೆ, ಆರೋಗ್ಯ ಹೇಳುವುದಿಲ್ಲ. ಲ್ಯಾಬ್, ಶೆಪರ್ಡ್ ಆದರೆ ತಂದೆ-ತಾಯಿಯ ಸೊಂಟದ ಎಕ್ಸ್‌ರೇ ಕೇಳಿ. ಹೆಚ್ಚಿನವರ ಹತ್ತಿರ ಇರುವುದಿಲ್ಲ. ಇದ್ದವರು ಸಿಕ್ಕಿದರೆ ಅವರನ್ನು ಬಿಡಬೇಡಿ.

ಮರಿಯನ್ನು ಪರೀಕ್ಷಿಸುವುದು ಸುಲಭ. ಅಂಗಳದಲ್ಲಿ ಬಿಟ್ಟು ಬೆನ್ನು ಹಾಕಿ ನಿಧಾನ ನಡೆಯಿರಿ. ಹಿಂದೆಯೇ ಬರುವ ಮರಿ ನಿಮಗೆ. ತನ್ನ ಪಾಡಿಗೆ ಮೂಸುತ್ತಾ ಹೋಗಿ ತಿರುಗಿಯೂ ನೋಡದ ಮರಿ ಮನೆ ಕಾಯಲು ಆದೀತು, ಹಗ್ಗ ಇಲ್ಲದ ತಿರುಗಾಟಕ್ಕೆ ಕಷ್ಟ. ಬೀಗದ ಗೊಂಚಲು ನೆಲಕ್ಕೆ ಬೀಳಿಸಿ. ಬೆಚ್ಚಿ, ಆಮೇಲೆ ಏನೆಂದು ನೋಡಲು ಬರುವ ಮರಿ ಒಳ್ಳೆಯದು. ಓಡಿ ಹೋಗಿ ಹೊರಗೆ ಬಾರದ್ದು ದೀಪಾವಳಿಗೂ, ಕೋಲ-ನೇಮದ ಗರ್ನಾಲಿಗೂ ಹೆದರಿ ಹಗ್ಗ ಕಿತ್ತು ಓಡುತ್ತದೆ.

ಬೆಳೆದ ನಾಯಿಯನ್ನು ದತ್ತು ತೆಗೆದುಕೊಳ್ಳುವುದು ಇನ್ನೂ ಜಾಣತನ ಅನ್ನಿಸುತ್ತದೆ ನನಗೆ. ಮರಿಯಲ್ಲಿ ಊಹೆ ಮಾಡಬೇಕಾದದ್ದು ಬೆಳೆದ ನಾಯಿಯಲ್ಲಿ ಕಣ್ಣೆದುರೇ ಇರುತ್ತದೆ. ಮಂಗಳೂರಿನ ಶಕ್ತಿನಗರದ ಆ್ಯನಿಮಲ್ ಕೇರ್ ಟ್ರಸ್ಟ್‌ನಂಥ ಕಡೆ ಕೇಳಿ ನೋಡಿ. ನಾಲ್ಕಾರು ಸಲ ಹೋಗಿ, ಆ ನಾಯಿಯನ್ನು ನಡೆಸಿ, ಆಮೇಲೆ ತೀರ್ಮಾನ ಮಾಡಿ.

5. ಹೊರಗೆ ಕಾಲಿಡುವ ಮೊದಲು

ರೇಬಿಸ್ ಲಸಿಕೆ ಮೂರು ತಿಂಗಳಿಗೆ ಶುರು. ಪಾರ್ವೊ, ಡಿಸ್ಟೆಂಪರ್ ಲಸಿಕೆ ಅದಕ್ಕೂ ಮೊದಲು. ಇಲಿಜ್ವರದ ಲಸಿಕೆಯನ್ನು ಕೇಳಿ ಹಾಕಿಸಿ. ಗದ್ದೆ, ತೋಡು, ನಿಂತ ನೀರು ಇರುವ ನಮ್ಮ ಜಿಲ್ಲೆಗಳಲ್ಲಿ ಅದನ್ನು ಬಿಡುವಂತಿಲ್ಲ. ಉಣ್ಣಿಗೆ ತಿಂಗಳಿಗೊಂದು ಅಥವಾ ಮೂರು ತಿಂಗಳಿಗೊಂದು ಕೊಡುವ ಮಾತ್ರೆಗಳಿವೆ. ತೂಕ ನೋಡಿ ವೈದ್ಯರೇ ಹೇಳಲಿ. ಗುಡ್ಡೆಯಿಂದ ಬಂದ ಕೂಡಲೇ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣಿ, ಇಂಬಳ ಹುಡುಕಿ.

ದೊಡ್ಡ ತಳಿಯ ಮರಿಗೆ ಒಂದು ವರ್ಷದಿಂದ ಒಂದೂವರೆ ವರ್ಷದವರೆಗೆ ಎಲುಬು ಪೂರ್ತಿ ಗಟ್ಟಿಯಾಗಿರುವುದಿಲ್ಲ. ಅಲ್ಲಿಯವರೆಗೆ ಉದ್ದ ಚಾರಣ, ಬೈಕಿನ ಹಿಂದೆ ಓಡಿಸುವುದು, ಎತ್ತರದಿಂದ ಹಾರಿಸುವುದು ಬೇಡ.

6. ಕರೆ ಕಲಿಸುವುದು

ಒಂದು ಪದ ಆರಿಸಿ. ಮನೆಯವರೆಲ್ಲ ದಿನಕ್ಕೆ ನೂರು ಸಲ "ಬಾ ಬಾ" ಅನ್ನುವುದರಿಂದ ಆ ಪದ ಹಳಸಿರುತ್ತದೆ. ಬೇರೆ ಪದ ಇಡಿ, ಅಥವಾ ಸೀಟಿ. ಕಡಲ ತೀರದಲ್ಲಿ ಸೀಟಿಯೇ ಸರಿ, ಅಲೆಯ ಸದ್ದಿನಲ್ಲಿ ಗಂಟಲು ಹರಿದುಕೊಂಡರೂ ಕೇಳಿಸುವುದಿಲ್ಲ. ಸೀಟಿಗೆ ಸಿಟ್ಟು ಬರುವುದಿಲ್ಲ ಎನ್ನುವುದು ಇನ್ನೊಂದು ಲಾಭ.

ಬಹುಮಾನ ನಿಜವಾಗಿ ರುಚಿ ಇರಬೇಕು. ಬೇಯಿಸಿದ ಕೋಳಿ ಲಿವರ್‌ನ ಚಿಕ್ಕ ತುಂಡು, ಮುಳ್ಳು ತೆಗೆದ ಬೇಯಿಸಿದ ಮೀನು. ಒಣ ಮೀನು ಬೇಡ, ಉಪ್ಪು ಜಾಸ್ತಿ. ಈ ತಿಂಡಿ ಕರೆಗೆ ಮಾತ್ರ ಮೀಸಲು, ಬೇರೆ ಯಾವಾಗಲೂ ಕೊಡಬೇಡಿ.

ಮೊದಲ ವಾರ ಮನೆಯೊಳಗೆ. ಎರಡು ಹೆಜ್ಜೆ ದೂರದಿಂದ ಸೀಟಿ ಊದಿ, ಬಂದ ಕೂಡಲೇ ತಿಂಡಿ. ಆಮೇಲೆ ಬೇರೆ ಕೋಣೆಯಿಂದ. ಆಮೇಲೆ ಅಂಗಳ. ಅಂಗಳದಲ್ಲಿ ಬೆಕ್ಕು, ಕೋಳಿ ಇದ್ದರೂ ಬರುತ್ತದೆ ಅಂತ ಆದ ಮೇಲೆ ಉದ್ದ ಹಗ್ಗ ಕಟ್ಟಿ ಮೈದಾನ. ಹಗ್ಗ ನೆಲದಲ್ಲಿ ಎಳೆದುಕೊಂಡು ಹೋಗಲಿ, ನಿಮ್ಮ ಕೈಯಲ್ಲಿ ಬಿಗಿಯಾಗಿ ಬೇಡ. ಕೊನೆಗೆ ಹಗ್ಗದ ಸಮೇತ ಗದ್ದೆ, ಬೀಚು. ಪ್ರತಿ ಹೊಸ ಜಾಗದಲ್ಲೂ ಪಾಠ ಸ್ವಲ್ಪ ಹಿಂದಿನಿಂದ ಶುರು ಮಾಡಿ. ಅಂಗಳದಲ್ಲಿ ಕಲಿತದ್ದು ಕಡಲು ಕಂಡಾಗ ಮರೆತು ಹೋಗುವುದು ಸಹಜ.

ಹೆಚ್ಚಿನವರು ಎಡವುವ ಜಾಗಗಳು ಇವು.

ಮನೆಗೆ ಹೊರಡುವಾಗ ಮಾತ್ರ ಕರೆಯುವುದು. ನಾಯಿ ಎರಡೇ ದಿನದಲ್ಲಿ ಲೆಕ್ಕ ಹಾಕುತ್ತದೆ: ಕರೆದರೆ ಆಟ ಮುಗಿಯಿತು. ಹತ್ತು ಸಲ ಕರೆದು, ತಿಂಡಿ ಕೊಟ್ಟು, ಮತ್ತೆ ಆಟಕ್ಕೆ ಬಿಡಿ. ಹನ್ನೊಂದನೇ ಸಲ ಹಗ್ಗ ಹಾಕಿ.

ಬರದಿದ್ದರೆ ಕರೆಯುತ್ತಲೇ ಇರುವುದು. ಒಂದು ಸಲ ಊದಿ, ಬರದಿದ್ದರೆ ಉದ್ದ ಹಗ್ಗ ಹಿಡಿದು ನಿಲ್ಲಿಸಿ, ನೀವೇ ನಾಯಿಯಿಂದ ದೂರಕ್ಕೆ ಓಡುತ್ತಾ ಕರೆಯಿರಿ. ನಾಯಿಯ ಹಿಂದೆ ಮಾತ್ರ ಓಡಬೇಡಿ, ಅದಕ್ಕೆ ಅದು ಆಟ.

ತಡವಾಗಿ ಬಂದದ್ದಕ್ಕೆ ಬೈಯುವುದು, ಹೊಡೆಯುವುದು. ನಾಯಿಗೆ ಗೊತ್ತಾಗುವುದು "ಬಂದದ್ದಕ್ಕೆ ಪೆಟ್ಟು ಬಿತ್ತು" ಅಂತ. ಎಷ್ಟೇ ಸಿಟ್ಟು ಬಂದಿದ್ದರೂ ಬಂದಾಗ ತಿಂಡಿ ಕೊಡಿ.

ಎಂಟು ತಿಂಗಳ ಹೊತ್ತಿಗೆ ಕಲಿತಾಯಿತು ಅಂದುಕೊಳ್ಳುವುದು. ಪ್ರಾಯಕ್ಕೆ ಬರುವ ಆ ಸಮಯದಲ್ಲಿ ಒಳ್ಳೆಯ ನಾಯಿಯೂ ಕೇಳಿಸದ ಹಾಗೆ ಮಾಡುತ್ತದೆ. ಕೆಲವು ತಿಂಗಳು ಮತ್ತೆ ಉದ್ದ ಹಗ್ಗಕ್ಕೆ ಹೋಗಿ.

ಶಾಕ್ ಕೊಡುವ ಬೆಲ್ಟು ಕೊಂಡು ತರುವುದು. ದಯವಿಟ್ಟು ಬೇಡ. ಬೈಕ್ ನೋಡಿದಾಗ ಶಾಕ್ ಬಿದ್ದರೆ ಅದು ಬೈಕನ್ನೇ ದ್ವೇಷಿಸಲು ಕಲಿಯುತ್ತದೆ.

ಹಗ್ಗ ಬಿಚ್ಚಲು ನನ್ನ ಅಳತೆ ಹೀಗೆ. ಮೂರು ಬೇರೆ ಬೇರೆ ಜಾಗ, ಪ್ರತಿ ಜಾಗದಲ್ಲೂ ಬೇರೆ ನಾಯಿಯೋ ಹಕ್ಕಿಯೋ ಕಣ್ಣಿಗೆ ಬಿದ್ದಿರುವಾಗ ಹತ್ತು ಕರೆ. ಹತ್ತಕ್ಕೆ ಹತ್ತು ಬರಬೇಕು. ಒಂಬತ್ತು ಬಂದರೆ ಇನ್ನೂ ಹಗ್ಗದಲ್ಲೇ.

7. ಎಲ್ಲಿ, ಯಾವಾಗ ಬಿಚ್ಚುವುದು

ಸೂರ್ಯ ಹುಟ್ಟಿದ ಮೇಲೆ, ಬಿಸಿಲೇರುವ ಮೊದಲು. ಕಪ್ಪು ಕವಿದ ಮೇಲೆ ಗುಡ್ಡೆ ಬದಿಯಲ್ಲಿ ಖಂಡಿತ ಬೇಡ. ನಮ್ಮ ಊರುಗಳಲ್ಲಿ ಚಿರತೆ ಅಂಗಳದಿಂದಲೇ ನಾಯಿ ಹೊತ್ತೊಯ್ಯುತ್ತದೆ. ಮುಂದೆ ಓಡಿ ಪೊದೆ ನುಗ್ಗುವ ನಾಯಿ ಅದಕ್ಕೆ ಸುಲಭದ ಊಟ.

ಹೊಸ ಜಾಗವನ್ನು ಮೊದಲು ನೀವೊಬ್ಬರೇ ನಡೆದು ನೋಡಿ. ಪದವಿನಲ್ಲಿ ಕೆಂಪು ಕಲ್ಲಿನ ಕೋರೆಗಳು ಇರುತ್ತವೆ, ಮಳೆಗಾಲದ ನಂತರ ನೀರು ತುಂಬಿ ಅಂಚು ಕಾಣುವುದಿಲ್ಲ. ಒಳಗೆ ಬಿದ್ದ ನಾಯಿಗೆ ಕಡಿದಾದ ಗೋಡೆ ಹತ್ತಲು ಆಗುವುದಿಲ್ಲ. ಕಟ್ಟೆ ಇಲ್ಲದ ಹಳೆಯ ಬಾವಿಗಳೂ ಹಾಗೇ. ಕಾಡು ಬದಿಯ ತೋಟದಲ್ಲಿ ಹಂದಿಗೆ ಇಟ್ಟ ಉರುಳು, ಬೇಲಿಗೆ ಹರಿಸಿದ ಕರೆಂಟು ಇರಬಹುದು. ತೋಟದವರನ್ನು ಕೇಳಿಯೇ ಒಳಗೆ ಹೋಗಿ. ಅಡಿಕೆಗೆ ಮದ್ದು ಬಿಡುವ ದಿನಗಳಲ್ಲಿ ತೋಟವೇ ಬೇಡ. ಆ ಮದ್ದಾದ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇರುತ್ತದೆ, ನಾಯಿ ಪಾದ ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ. ನಾಗಬನ, ದೈವಸ್ಥಾನದ ಹತ್ತಿರ ಹಗ್ಗ ಹಾಕಿ. ಮೇಯುವ ದನದ ಹಿಂಡು ಕಂಡರೂ ಹಾಕಿ.

ಕಡಲಲ್ಲಿ ಬೇರೆ ಲೆಕ್ಕ. ಯಾಂತ್ರಿಕ ದೋಣಿಗಳಿಗೆ ರಜೆ ಇರುವ ಜೂನ್, ಜುಲೈಯಲ್ಲಿ ನಾಯಿಗೂ ಕಡಲಿಗೆ ರಜೆ ಕೊಡಿ. ಎಷ್ಟೇ ಈಜು ಬಂದರೂ ಸೆಳೆತ ಬಿಡುವುದಿಲ್ಲ. ದಡಕ್ಕೆ ಬಂದು ಬಿದ್ದ ಮೀನು ತಿನ್ನಲು ಬಿಡಬೇಡಿ. ಬಲೆಯಿಂದ ಎಸೆದ ಮೀನುಗಳಲ್ಲಿ ಹೊಟ್ಟೆ ಉಬ್ಬಿಸಿಕೊಳ್ಳುವ ವಿಷದ ಮೀನೂ ಇರುತ್ತದೆ, ಗಾಳದ ಕೊಕ್ಕೆಯೂ ಇರುತ್ತದೆ. "ಬಿಡು" ಅಂದರೆ ಬಾಯಲ್ಲಿ ಇದ್ದದ್ದನ್ನು ಬಿಡುವುದನ್ನು ಕರೆಯ ಜೊತೆಗೇ ಕಲಿಸಿ. ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ, ಇಲ್ಲದಿದ್ದರೆ ಉಪ್ಪು ನೀರು ಕುಡಿದು ವಾಂತಿ, ಭೇದಿ ಶುರುವಾಗುತ್ತದೆ. ಮರಳಿನ ಮೇಲೆ ಕೈಯ ಹಿಂಭಾಗ ಇಟ್ಟು ಐದು ಸೆಕೆಂಡ್ ತಡೆಯಲು ಆಗದಿದ್ದರೆ ನಾಯಿಯ ಪಾದಕ್ಕೂ ಆಗುವುದಿಲ್ಲ.

ನಾಲಿಗೆ ಉದ್ದಕ್ಕೆ ಜೋತು, ಒಸಡು ಕಡು ಕೆಂಪಾಗಿ, ನಡೆ ತೂರಾಡಿದರೆ ಅದು ಬಿಸಿಲಿನ ಹೊಡೆತ. ನೆರಳಿಗೆ ತಂದು ಮೈಯಿಡೀ ನೀರು ಹೊಯ್ಯಿರಿ, ಗಾಳಿ ಹಾಕಿ, ದಾರಿಯುದ್ದಕ್ಕೂ ತಂಪು ಮಾಡುತ್ತಲೇ ವೈದ್ಯರ ಹತ್ತಿರ ಓಡಿ. ಮೇಲಿನಿಂದ ಸರಿಯಾದ ಹಾಗೆ ಕಂಡರೂ ತೋರಿಸಲೇಬೇಕು, ಒಳಗಿನ ಅಂಗಗಳಿಗೆ ಆದ ಪೆಟ್ಟು ಮರುದಿನ ಗೊತ್ತಾಗುವುದುಂಟು.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ನಡೆಸದೆ ಎತ್ತಿಕೊಂಡು ಹೋಗಿ. ನಾಗರ, ಕನ್ನಡಿ ಹಾವು ಎರಡಕ್ಕೂ ಆಗುವ ಒಂದೇ ಪ್ರತಿವಿಷ ಇದೆ, ಆದರೆ ಎಲ್ಲ ಕ್ಲಿನಿಕ್‌ನಲ್ಲೂ ಇಟ್ಟಿರುವುದಿಲ್ಲ. ನಿಮ್ಮ ಹತ್ತಿರ ಯಾರಲ್ಲಿದೆ, ಭಾನುವಾರ ಯಾರು ಫೋನ್ ಎತ್ತುತ್ತಾರೆ ಎಂದು ಹಗ್ಗ ಬಿಚ್ಚುವ ಮೊದಲ ದಿನಕ್ಕಿಂತ ಮುಂಚೆಯೇ ವಿಚಾರಿಸಿ, ಆ ನಂಬರ್ ಸೇವ್ ಮಾಡಿಟ್ಟುಕೊಳ್ಳಿ.